ದಿ ಇರೇಸರ್

ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್‌ನ ಗಾಯಕ ಥಾಮ್ ಯಾರ್ಕ್ ತನ್ನ ಹೆಸರಿನಲ್ಲಿ ತಂದ ಮೊದಲ ಆಲ್ಬಮ್. ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಇದನ್ನು 2006ರ ಜುಲೈಯಲ್ಲಿ ಬಿಡುಗಡೆ ಮಾಡಿತು. ಇದರಲ್ಲಿ 9 ಹಾಡುಗಳಿವೆ. ಧ್ವನಿಮುದ್ರಣವನ್ನು ರೂಪಿಸಿದವನು ನೈಜೆಲ್ ಗಾಡ್ರಿಚ್. 1997ರ 'ಓಕೆ ಕಂಪ್ಯೂಟರ್'ನಿಂದಲೂ ತಂಡದ ಆಲ್ಬಮ್‌ಗಳಿಗೆ ಇವನೇ ನಿರ್ಮಾಪಕ.

2004ರಲ್ಲಿ ರೇಡಿಯೋಹೆಡ್ ಪ್ರವಾಸ ಮುಗಿಸಿ ಬಿಡುವು ಪಡೆದಾಗ, ಯಾರ್ಕ್ ಲ್ಯಾಪ್‌ಟಾಪಿನಲ್ಲಿ ಕೂಡಿಟ್ಟಿದ್ದ ಲಯ, ನಾದಗಳ ತುಣುಕುಗಳನ್ನು ಕೈಗೆತ್ತಿಕೊಂಡ. ತಂಡ ಒಡೆದಿಲ್ಲ, ಗೆಳೆಯರ ಒಪ್ಪಿಗೆಯಿಂದಲೇ ಮಾಡಿದ್ದು ಎಂದು ಅವನು ಸ್ಪಷ್ಟಪಡಿಸಿದ; ಇದನ್ನು 'ಸೋಲೋ' ಎನ್ನುವುದೂ ಅವನಿಗೆ ಹಿಡಿಸಲಿಲ್ಲ. ಆ ಮಾತಿನಲ್ಲಿ ಹುರುಳಿದೆ. ಶೀರ್ಷಿಕೆ ಗೀತೆಗೆ ಆಧಾರವಾಗಿರುವುದು ತಂಡದ ಜಾನಿ ಗ್ರೀನ್‌ವುಡ್ ನುಡಿಸಿದ ಪಿಯಾನೊ ಸ್ವರಮೇಳಗಳು. ಯಾರ್ಕ್ ಅವನ್ನು ಕತ್ತರಿಸಿ ಜೋಡಿಸಿಕೊಂಡ. ಬಿಡಿ ತುಣುಕುಗಳಿಗೆ ಹಾಡಿನ ಆಕಾರ ಬರಲು ಗಾಡ್ರಿಚ್‌ನ ಕತ್ತರಿ ಕಾರಣ. ಅದಕ್ಕಿಂತ ದೊಡ್ಡದು ದನಿಯ ವಿಷಯದಲ್ಲಿ ಅವನು ಕೈಗೊಂಡ ನಿರ್ಧಾರ. ರೇಡಿಯೋಹೆಡ್‌ನ ಹಿಂದಿನ ಕೆಲವು ಆಲ್ಬಮ್‌ಗಳಲ್ಲಿ ಯಾರ್ಕ್‌ನ ಕಂಠ ಪ್ರತಿಧ್ವನಿ, ಯಂತ್ರಸಂಸ್ಕಾರಗಳ ಮರೆಯಲ್ಲಿತ್ತು. ಇಲ್ಲಿ ಅದು ಬರಿದಾಗಿ, ಕಿವಿಯ ಪಕ್ಕದಲ್ಲೇ ಕೇಳಿಸುತ್ತದೆ. ಯಾಂತ್ರಿಕ ತಾಳದ ನಡುವೆ ಉಸಿರೆಳೆದುಕೊಳ್ಳುವುದೂ ತಿಳಿಯುವಷ್ಟು ಹತ್ತಿರದ ಈ ದನಿಯೇ ಆಲ್ಬಮ್ಮಿನ ಜೀವಾಳ.

ಅತ್ಯಂತ ತೀಕ್ಷ್ಣವಾದ ಹಾಡು 'ಹ್ಯಾರೋಡೌನ್ ಹಿಲ್'. ಇರಾಕ್ ಯುದ್ಧಕ್ಕೆ ಬ್ರಿಟಿಷ್ ಸರ್ಕಾರ ಕೊಟ್ಟ ಸಮರ್ಥನೆಯನ್ನು ಪ್ರಶ್ನಿಸಿದ ಬಿಬಿಸಿ ವರದಿಯ ಮೂಲವೆಂದು ಅಸ್ತ್ರತಜ್ಞ ಡೇವಿಡ್ ಕೆಲಿಯ ಹೆಸರು 2003ರ ಜುಲೈಯಲ್ಲಿ ಬಯಲಾಯಿತು. ಕೆಲವೇ ದಿನಗಳಲ್ಲಿ ಆಕ್ಸ್‌ಫರ್ಡ್‌ಶೈರಿನ ಹ್ಯಾರೋಡೌನ್ ಹಿಲ್ ಎಂಬ ಗುಡ್ಡದ ಬಳಿಯ ಕಾಡಿನಲ್ಲಿ ಅವನ ಶವ ಸಿಕ್ಕಿತು. ಅಧಿಕೃತ ವಿಚಾರಣೆ ಆತ್ಮಹತ್ಯೆಯೆಂದು ತೀರ್ಮಾನಿಸಿತು. ಯಾರ್ಕ್ ಹಾಡಿನಲ್ಲಿ ಕೆಲಿಯ ಹೆಸರೆತ್ತುವುದಿಲ್ಲ. ಗುಡ್ಡದ ಹೆಸರನ್ನಷ್ಟೇ ಶೀರ್ಷಿಕೆಯಾಗಿಟ್ಟು ಸಿಟ್ಟನ್ನೂ ದುಃಖವನ್ನೂ ಒಟ್ಟಿಗೆ ಹಿಡಿದಿದ್ದಾನೆ.

ಮುಖಪುಟ ಕಲಾವಿದ ಸ್ಟ್ಯಾನ್ಲಿ ಡಾನ್‌ವುಡ್‌ನ ಕಪ್ಪು ಬಿಳುಪು ಅಚ್ಚುಚಿತ್ರ: ಲಂಡನ್ ನಗರವನ್ನು ನುಂಗಲು ಬರುವ ಪ್ರವಾಹಕ್ಕೆ ಕೈಯೊಡ್ಡಿ ನಿಂತ ಒಬ್ಬ ಮನುಷ್ಯ. ಅಲೆಗಳಿಗೆ ನಿಲ್ಲಿರೆಂದು ಆಜ್ಞೆ ಮಾಡಿದ ಕನ್ಯೂಟ್ ದೊರೆಯ ಕಥೆ ಇದರ ಹಿಂದಿದೆ.

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 3ನೆಯ, ಅಮೆರಿಕದಲ್ಲಿ 2ನೆಯ ಸ್ಥಾನಕ್ಕೇರಿತು. ಮರ್ಕ್ಯುರಿ ಮತ್ತು ಗ್ರ್ಯಾಮಿ ಪ್ರಶಸ್ತಿಗಳಿಗೆ ನಾಮನಿರ್ದೇಶನಗೊಂಡಿತು. 2009ರಲ್ಲಿ ಈ ಹಾಡುಗಳನ್ನು ವೇದಿಕೆಗೆ ತರಲು ಯಾರ್ಕ್ ಗಾಡ್ರಿಚ್, ಬಾಸ್ ವಾದಕ ಫ್ಲೀ, ಜೋಯಿ ವಾರಂಕರ್, ಮೌರೊ ರೆಫಾಸ್ಕೊ ಇವರನ್ನು ಕೂಡಿಕೊಂಡ. ಆಲ್ಬಮ್ಮಿನದೇ ಒಂದು ಹಾಡಿನಿಂದ 'ಆಟಮ್ಸ್ ಫಾರ್ ಪೀಸ್' ಎಂಬ ಹೆಸರು ಪಡೆದ ಆ ತಂಡ 2013ರಲ್ಲಿ 'ಅಮೋಕ್' ಆಲ್ಬಮ್ ಹೊರತಂದಿತು.