ಹರಿಗೋಲಿನಲ್ಲಿ ಕೂರುವ ವಿದ್ಯೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ದೋಣಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿಯುವ ಅರ್ಕಾವತಿಯಾಗಲಿ, ಹೊಸಕೋಟೆ ಸೀಮೆಯ ದಕ್ಷಿಣ ಪಿನಾಕಿನಿಯಾಗಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಗಳಲ್ಲ. ಇಲ್ಲಿ ನೀರೆಂದರೆ ಕೆರೆ. ಆ ಕೆರೆಗಳಲ್ಲಿ ಬಲೆ ಬಿಡುವವರ ಹರಿಗೋಲಿಗೆ ಮಾತ್ರ ದೀರ್ಘ ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಭಾಗವನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಎಂದು ಬರೆದ. ಇವು ಸುತ್ತುತ್ತಲೇ ಇರುತ್ತವೆ, ಉಳಿದ ದೋಣಿಗಳಂತೆ ನೇರ ಹೋಗಲಾರವು ಎಂದೂ ಸೇರಿಸಿದ. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ತುಂಬಿದ ತುಂಗಭದ್ರೆಯನ್ನು ದಾಟಿದ್ದೂ ಇಂಥ ಬುಟ್ಟಿ ದೋಣಿಗಳಿಂದಲೇ. ಹೀಗೆ ದೋಣಿಯ ಆಕಾರ, ಚರ್ಮ, ಹಿಡಿಸುವ ಜನ ಎಲ್ಲವೂ ದಾಖಲಾದವು. ಅದರಲ್ಲಿ ಹೇಗೆ ಕೂರಬೇಕು ಎಂಬುದು ಅಂಬಿಗರ ಬಾಯಲ್ಲೇ ಉಳಿಯಿತು.

ಕೂರುವುದೂ ಒಂದು ವಿದ್ಯೆಯೇ ಎಂಬುದು ಗೊತ್ತಾಗಬೇಕಾದರೆ ದೂರದ ಇನ್ನೊಂದು ಚರ್ಮದ ದೋಣಿಯನ್ನು ನೋಡಬೇಕು. ಆರ್ಕ್‌ಟಿಕ್ ತೀರದ ಇನ್ಯೂಟ್ ಜನ ಸೀಲ್ ಚರ್ಮ ಹೊದಿಸಿ ಕಟ್ಟುತ್ತಿದ್ದ ಕಯಾಕ್ ಅದು. ಅದರ ಅಳತೆ ಏರುವವನ ಮೈಯಿಂದಲೇ ಬರುತ್ತಿತ್ತು: ಸುಮಾರು ಮೂರು ಮಾರು ಉದ್ದ, ಸೊಂಟದಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು ಅಗಲ. ಒಬ್ಬನ ಕಯಾಕ್ ಇನ್ನೊಬ್ಬನಿಗೆ ಸರಿಹೊಂದುತ್ತಿರಲಿಲ್ಲ. ಇಂದು ದಾಂಡೇಲಿಯ ಕಾಳಿ ನದಿಯಲ್ಲಿ ವಿಹಾರಕ್ಕೆ ಸಿಗುವ ಪ್ಲಾಸ್ಟಿಕ್ ಕಯಾಕ್ ಎಲ್ಲರಿಗೂ ಒಂದೇ ಅಳತೆಯದು. ಹಾಗಾಗಿ ಅದರಲ್ಲಿ ಕೂರುವವರೇ ಹೊಂದಿಕೊಳ್ಳಬೇಕು. ಅಂಗಾಲು ಆಸರೆಗೆ ತಾಗಬೇಕು, ಮೊಣಕಾಲು ಸ್ವಲ್ಪ ಮಡಿಸಿರಬೇಕು, ಬೆನ್ನು ನೆಟ್ಟಗಿರಬೇಕು, ಸೊಂಟ ಅತ್ತಿತ್ತ ಜಾರಬಾರದು. ಆದರೆ ಮೈಯನ್ನು ಬಿಗಿಹಿಡಿಯಲೂ ಬಾರದು. ಅಲೆಗೆ ದೋಣಿ ಓಲಾಡಿದರೂ ಎದೆ, ತಲೆ ನೆಟ್ಟಗಿದ್ದರೆ ಅದು ಮಗುಚುವುದಿಲ್ಲ.

ಹರಿಗೋಲು ಇದೇ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿಕೊಂಡಿತು. ಅದರ ಸ್ಥಿರತೆ ಅಗಲದಿಂದ ಬಂದದ್ದು. ಅಲ್ಲಿ ಆಸನವಿಲ್ಲ, ಕಾಲಿಗೆ ಆಸರೆಯಿಲ್ಲ. ಆದ್ದರಿಂದ ಹೊಂದಿಸುವ ಕೆಲಸ ಅಂಬಿಗನದು. ಅಂಚಿನ ಮೇಲೆ ಕಾಲಿಡದೆ ನಡುವಿಗೆ ಇಳಿಯಿರಿ, ತಳದಲ್ಲೇ ಕೂರಿ, ದಪ್ಪಗಿರುವವರು ಎದುರುಬದುರಾಗಿ, ಮಕ್ಕಳು ನಡುವೆ, ಯಾರೂ ಏಳಬೇಡಿ: ಈ ಮಾತುಗಳ ಹಿಂದೆ ಭಾರದ ಖಚಿತ ಲೆಕ್ಕವಿದೆ. ನಿಂತರೆ ಭಾರ ಮೇಲೇರುತ್ತದೆ. ಎಲ್ಲರೂ ಒಂದೇ ಕಡೆ ಬಾಗಿದರೆ ಅಂಚು ನೀರಿಗೆ ತಾಗುತ್ತದೆ. ಪಾಯಸ್ ಕಂಡ ಸುತ್ತಾಟಕ್ಕೂ ಅಂಬಿಗನ ಬಳಿ ಉತ್ತರವಿತ್ತು. ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹುಟ್ಟನ್ನು ಮುಂದೆ ಇಳಿಸಿ ನೀರನ್ನು ತನ್ನತ್ತ ಎಳೆದುಕೊಂಡರೆ ಬುಟ್ಟಿಯೂ ನೇರವಾಗಿಯೇ ಸಾಗುತ್ತದೆ. ಪ್ರವಾಸಿ ದೋಣಿಯ ದೋಷವೆಂದು ಬರೆದದ್ದು ಪಳಗಿದ ಕೈಗೆ ದೋಷವೇ ಅಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರ ಇದೇ ಕಸುಬಿನಿಂದ ಬಂದ. ನಾವು ಅವನಲ್ಲಿ ಅನುಭಾವವನ್ನು, ನಿಷ್ಠುರ ವಿಮರ್ಶೆಯನ್ನು ಓದಿದೆವು. ದೋಣಿ ನಮಗೆ ರೂಪಕವಾಯಿತು. ಕಸುಬಿನ ತಿಳಿವಳಿಕೆ ಪಾಠವಾಗಲಿಲ್ಲ.

ಈಗ ಸೇತುವೆಗಳು ಬಂದು ಕಡವುಗಳು ಬರಿದಾಗಿವೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಫೈಬರ್ ಬಂದಿವೆ. ವಸ್ತು ಬದಲಾದರೂ ಭಾರದ ಲೆಕ್ಕ ಬದಲಾಗಿಲ್ಲ. ಪ್ರವಾಸಿಗರನ್ನು ಖುಷಿಪಡಿಸಲು ಹರಿಗೋಲನ್ನು ಗಿರಗಿರ ತಿರುಗಿಸುವುದು ಇಂದು ಹಂಪಿ, ತಲಕಾಡುಗಳಲ್ಲಿ ಸಾಮಾನ್ಯ. ನೇರ ಸಾಗಿಸುವ, ಜನರನ್ನು ಹದವಾಗಿ ಕೂರಿಸುವ ವಿದ್ಯೆ ಉಳಿದಿರುವುದು ಹಳೆಯ ಅಂಬಿಗರಲ್ಲಿ ಮತ್ತು ನಮ್ಮ ಕೆರೆಗಳಲ್ಲಿ ಒಂಟಿಯಾಗಿ ಬಲೆ ಎಳೆಯುವವರ ಮೈಯಲ್ಲಿ. ಒಂದು ಕೈಯಲ್ಲಿ ಬಲೆ, ಇನ್ನೊಂದರಲ್ಲಿ ಹುಟ್ಟು ಹಿಡಿದೂ ವಾಲದೆ ಕೂರುವ ಅವರನ್ನು ಕೇಳಿ ಬರೆದುಕೊಳ್ಳುವುದು ಸ್ಥಳೀಯ ಚರಿತ್ರೆ ಓದುವ ವಿದ್ಯಾರ್ಥಿಗಳು ಈ ವರ್ಷವೇ ಮಾಡಬಹುದಾದ ಕೆಲಸ.