ಪ್ರಶ್ನೆಗೊಂದು ಸಭಾಂಗಣ

ಡಾರ್ವಿನ್ ಹುಟ್ಟಿದ ಫೆಬ್ರುವರಿ 12ನ್ನು ಹಲವು ದೇಶಗಳಲ್ಲಿ ಸಾರ್ವಜನಿಕ ಉಪನ್ಯಾಸಗಳಿಂದ ಆಚರಿಸುವುದನ್ನು ನೀವು ಕೇಳಿರಬಹುದು. ನಮ್ಮಲ್ಲಿ ಇಂಥ ಸಭೆಗೆ ಜಯಂತಿಯ ಹಂಗಿರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರಕ್ಕೊಂದು ಉಪನ್ಯಾಸದ ರೂಢಿ ಹಾಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೇ ಸಮಿತಿ ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲವೆನ್ನಿ!

ಆದರೆ ಉಡಿಗಾಲಕ್ಕೆ ಬಸವನಗುಡಿ ದೂರ. ಅಲ್ಲಿನ ಮಗುವಿಗೆ ಶಾಲೆಯ ಪುಸ್ತಕವೇ ಸಭಾಂಗಣ. ಕೇಂದ್ರದ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠ ಕೈಬಿಟ್ಟದ್ದನ್ನು ವಿರೋಧಿಸಿ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು. ಮಂಗನೇ ಮಾನವನಾಗಲಿಲ್ಲ, ಇಬ್ಬರಿಗೂ ಹಿಂದೆ ಸಮಾನ ಪೂರ್ವಜರಿದ್ದರು ಎಂಬಷ್ಟನ್ನಾದರೂ, ಹತ್ತಕ್ಕೇ ವಿಜ್ಞಾನ ಬಿಡುವ ಮಗುವಿಗೆ ಇನ್ನಾರು ಹೇಳಬೇಕು?