ಸತ್ತವನು ಯಾರಾಗಿದ್ದ?

ಪತ್ತೇದಾರಿ ಕಾದಂಬರಿಯಲ್ಲಿ ಒಂದು ಸಾವು ಸಂಭವಿಸಿದೊಡನೆ ಓದುಗ ಕೇಳುವ ಪ್ರಶ್ನೆ ‘ಕೊಂದವರು ಯಾರು?’ ಎಂಬುದು. 1950ರ ದಶಕದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇಂಥ ಪ್ರಶ್ನೆಗಳ ಬೆನ್ನು ಹತ್ತಿಯೇ ಮನೆಮಾತಾದ. 1960ರಲ್ಲಿ ಬಂದ ಶಿವರಾಮ ಕಾರಂತರ ‘ಅಳಿದ ಮೇಲೆ’ಯೂ ಒಂದು ಸಾವಿನ ಬೆನ್ನು ಹತ್ತುವ ಕಾದಂಬರಿ. ಆದರೆ ಅಲ್ಲಿ ಕೊಲೆಯಿಲ್ಲ, ಕೊಲೆಗಾರನೂ ಇಲ್ಲ. ಅಲ್ಲಿನ ಪ್ರಶ್ನೆಯೇ ಬೇರೆ: ಸತ್ತವನು ಯಾರಾಗಿದ್ದ?

ರೈಲು ಪ್ರಯಾಣದಲ್ಲಿ ಪರಿಚಯವಾದ ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದದ್ದು ಒಂದಷ್ಟು ಹಣ, ದಿನಚರಿ, ಚಿತ್ರಗಳು ಮತ್ತು ತಿಂಗಳು ತಿಂಗಳು ಅವರಿಂದ ಹಣ ಪಡೆಯುತ್ತಿದ್ದ ಕೆಲವರ ವಿಳಾಸ. ಆ ಜಾಡು ಹಿಡಿದು ಕಥೆಗಾರ ಊರೂರು ಸುತ್ತುತ್ತಾನೆ. ಮಗನಂತೆ ಸಾಕಿದ ಪಾರ್ವತಮ್ಮನ ನೆನಪಿನಲ್ಲಿ ಯಶವಂತ ಒಂದು ಬಗೆ. ಬಂಧುಗಳೆನಿಸಿಕೊಂಡವರ ಮಾತಿನಲ್ಲಿ ಇನ್ನೊಂದು ಬಗೆ. ಯಾರ ಮಾತನ್ನು ನಂಬಬೇಕು? ಓಡುವ ಘಟನೆಗಳಿಲ್ಲದಿದ್ದರೂ ಕಾದಂಬರಿ ಓದುಗನನ್ನು ಹಿಡಿದಿಡುವುದು ಈ ಗೊಂದಲದಿಂದಲೇ.

ಜಗತ್ತಿನ ಚಲನಚಿತ್ರಗಳೂ ಈ ದಾರಿಯಲ್ಲಿ ನಡೆದಿದ್ದವು. ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ (1941) ಸತ್ತ ಧನಿಕನೊಬ್ಬನನ್ನು ಪರಿಚಿತರ ನೆನಪುಗಳಲ್ಲಿ ಹುಡುಕಿತು. ಕುರೋಸಾವನ ‘ರಾಶೋಮನ್’ (1950) ಒಂದೇ ಘಟನೆಗೆ ಹಲವು ಸಾಕ್ಷ್ಯ ನುಡಿಸಿತು. ಕಾರಂತರ ಕೃತಿಗೆ ಇವುಗಳಲ್ಲಿಲ್ಲದ ಒಂದು ಎಳೆಯಿದೆ, ಅದು ಋಣದ್ದು. ಬದುಕಿನಿಂದ ಪಡೆದದ್ದೆಷ್ಟು, ಹಿಂದಿರುಗಿಸಿದ್ದೆಷ್ಟು ಎಂಬ ಲೆಕ್ಕ ಯಶವಂತರನ್ನು ಕಾಡುತ್ತದೆ. ಅವರ ಗುರುತು ಕೊನೆಗೆ ಆ ಲೆಕ್ಕದಲ್ಲೇ ಸಿಗುತ್ತದೆ.

ಇಂಥ ಕಥೆ ಕರಾವಳಿಯವರೊಬ್ಬರ ಕೈಯಿಂದ ಬಂದದ್ದು ಆಕಸ್ಮಿಕವಿರಲಾರದು. ಹುಟ್ಟಿದೂರಲ್ಲೇ ಬಾಳಿ ಸಾಯುವವನ ಜಾತಕವೆಲ್ಲ ಊರಿಗೇ ಗೊತ್ತಿರುತ್ತದೆ. ಹೋಟೆಲು, ಕಾರಖಾನೆ, ಕಚೇರಿ ಎಂದು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು ಮುಂಬಯಿಗೆ ಹೊರಟ ಮೇಲೆ ಹಾಗಾಗಲಿಲ್ಲ. ಊರಿನವರು ಬಲ್ಲದ್ದು ಹುಡುಗನನ್ನು. ಪಟ್ಟಣದವರು ಬಲ್ಲದ್ದು ಗೃಹಸ್ಥನನ್ನು. ಇಬ್ಬರೂ ಎದುರುಬದುರಾಗುವುದೇ ಇಲ್ಲ. ಒಬ್ಬನ ಬದುಕು ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳಲ್ಲಿ ಹಂಚಿಹೋಗುತ್ತದೆ.

ಈ ಒಡಕಿನ ಭೀತಿಯನ್ನು ಒಳಗಿನಿಂದಲೇ ಕಂಡವರು ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ನೆಲೆಸಿದ ಯಶವಂತ ಚಿತ್ತಾಲರು. ಅವರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ, ತಾನು ಮಾಡಿದ ತಪ್ಪೇನೆಂದು ತಿಳಿಯದೆಯೇ ಕಂಪನಿಯ ಕೆಲಸದಿಂದ ಅಮಾನತಾಗುತ್ತಾನೆ. ಬೇಟೆಗಾರರು ಯಾರು ಎಂದು ಹುಡುಕುತ್ತ ತನ್ನ ಬಾಲ್ಯದ ನೆನಪುಗಳನ್ನೇ ತಡಕಾಡಬೇಕಾಗುತ್ತದೆ. ಯಶವಂತರಾಯರ ಗುರುತನ್ನು ಅವರು ಸತ್ತ ಮೇಲೆ ಇತರರು ಹುಡುಕಿದರೆ, ನಾಗಪ್ಪ ಬದುಕಿರುವಾಗಲೇ ತನ್ನ ಗುರುತನ್ನು ತಾನೇ ಹುಡುಕುತ್ತಾನೆ.

ಕಾರಂತರಿಗೆ ನೆನಪಿನ ಗೀಳು ಕೊನೆಯವರೆಗೂ ಬಿಡಲಿಲ್ಲ. ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಅಜ್ಜಿ ವಸ್ತುವನ್ನು ಮುಟ್ಟಿದೊಡನೆ ಅದರ ಗತಕಾಲ ಕಾಣುತ್ತಾಳೆ. ಅವರ ಆತ್ಮಕಥೆಯ ಹೆಸರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಮುಂದೆ ಬರೆದ ನೆನಪುಗಳ ಹೆಸರು ‘ಸ್ಮೃತಿಪಟಲದಿಂದ’. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಪುತ್ತೂರಿನವರಿಗೆ ಅವರು ಬಾಲವನದ ಕಾರಂತಜ್ಜ. ಯಕ್ಷಗಾನದವರಿಗೆ ಪ್ರಯೋಗಶೀಲ ಗುರು. ಕೈಗಾ ಅಣುಸ್ಥಾವರದ ವಿರೋಧಿಗಳಿಗೆ ಮುಂದಾಳು. ಇಷ್ಟೆಲ್ಲ ಬರೆದಿಟ್ಟು ಹೋದವರ ಮುಖಗಳೂ ಹೀಗೆ ಬೇರೆಯವರ ನೆನಪುಗಳಲ್ಲಿ ಹಂಚಿಹೋಗಿವೆ. ಒಂದು ಸಾಲೂ ಬರೆದಿಡದೆ ಹೋದವರನ್ನು ಹುಡುಕಬೇಕಾದರೆ ಉಳಿದವರು ಎಷ್ಟು ಮನೆಗಳ ಬಾಗಿಲು ತಟ್ಟಬೇಕಾದೀತು!